ನೀನು ಬರೆಯದ ತೊದಲು

ಕೋಪರಿ, ಠಾಣೆ (ಪೂರ್ವ)
೭ ಜುಲೈ ೨೦೧೪, ಸೋಮವಾರ

ಪ್ರೀತಿಯ ಪ್ರೇಕ್ಷಾ,

ಹೇಗಿದ್ದೀ ಮಗಳೇ? ಕೆಮ್ಮು ಕಡಿಮೆಯಾಯಿತಾ? ದಿನವಿಡೀ ಲ್ಯಾಬಿನಲ್ಲಿ ಒಣ ಮಣ್ಣು ಜರಡಿ ಹಿಡಿಯುವ ಕೆಲಸ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಮರೆಯಬೇಡ. ನಾಗಪುರದಲ್ಲಿ ಮಳೆ ಬಂತೋ ಇಲ್ಲವೋ? ಇಲ್ಲಿ ಜೂನ್ ಪೂರ್ತಿ ಒಣಗಿಯೇ ಹೋಯಿತು, ಈಗ ನಾಲ್ಕು ದಿನದಿಂದ ಸ್ವಲ್ಪ ಸುರಿಯುತ್ತಿದೆ. ಅಪ್ಪನ ಶುಗರ್ ಹದದಲ್ಲಿದೆ. ನನಗೆ ಶಾಲೆಗೆ ಹೋಗುವಾಗ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತಿದರೆ ಮಂಡಿ ಹಿಡಿದುಕೊಳ್ಳುತ್ತದೆ, ಬೇರೆ ತೊಂದರೆ ಇಲ್ಲ. ಅಮ್ಮ ಯಾಕೆ ಕಾಗದ ಬರೆದಳು ಎಂದು ಆಶ್ಚರ್ಯವಾದೀತು. ಫೋನಿನಲ್ಲಿ ನಮಗೆ ಮೂರೇ ಪ್ರಶ್ನೆ: ಊಟ ಆಯ್ತಾ, ಆರೋಗ್ಯ ಹೇಗಿದೆ, ರಜೆ ಯಾವಾಗ. ನಾಲ್ಕನೆಯದಕ್ಕೆ ಹೋಗುವ ಮೊದಲೇ ನಾನೇ 'ಇಡ್ತೇನೆ' ಎನ್ನುತ್ತೇನೆ. ಈ ಸಲ ಇಡದೆ ಹೇಳಬೇಕಾದ ಮಾತೊಂದಿದೆ.

ಡ್ರಾಯಿಂಗ್‌ನ ಜಟ್ಟೆಪ್ಪ ಮಾಸ್ತರರು ಮೇ ಕೊನೆಗೆ ನಿವೃತ್ತರಾದರು. ವಿಜಯಪುರದ ಕಡೆಯ ಅವರ ಊರಿಗೆ ಹೊರಡುವ ಮುನ್ನ, ಜೂನ್ ಎರಡನೆಯ ಭಾನುವಾರ, ನಮ್ಮ ಮನೆಗೆ ಬಂದಿದ್ದರು. ಅಪ್ಪ ಹೋಟೆಲಿನ ಡ್ಯೂಟಿಗೆ ಹೋಗಿದ್ದರು. ಚಹಾ ಕುಡಿದು, ಚೀಲದಿಂದ ಹಳೆಯದೊಂದು ನೋಟ್‌ಬುಕ್ ತೆಗೆದು ಟೀಪಾಯಿಯ ಮೇಲಿಟ್ಟು, "ಕಪಾಟು ಖಾಲಿ ಮಾಡಾಕತ್ತಿದ್ದೆ ಬಾಯಾರ, ಇದು ಸಿಕ್ತು. ಇದು ನಿಮ್ಮ ಮನ್ಯಾಗ ಇರಬೇಕಾದ್ದು" ಎಂದರು. ಅದು ನಿನ್ನ ಒಂಬತ್ತನೆಯ ತರಗತಿಯ ಶುಕ್ರವಾರದ ನೋಟ್‌ಬುಕ್. 'ಅಪ್ಪನ ಆರ್ಡರ್' ನಾಟಕ ಅದರಲ್ಲಿತ್ತು, ನಿನ್ನ ಅಕ್ಷರದಲ್ಲಿ, ನಿನ್ನ ಚಿತ್ರಗಳ ಜೊತೆ.

ಆ ಶುಕ್ರವಾರಗಳನ್ನು ನೀನು ಮರೆತಿರಲಾರೆ. ೨೦೦೬ರ ಜೂನ್‌ನಲ್ಲಿ ನಾನೂ ಮಾಸ್ತರರೂ ಹೆಡ್‌ಮಾಸ್ತರರನ್ನು ಕಾಡಿ ಬೇಡಿ ಕನ್ನಡದ ಎರಡು, ಡ್ರಾಯಿಂಗ್‌ನ ಒಂದು ಪೀರಿಯಡ್ ಒಟ್ಟು ಮಾಡಿಸಿಕೊಂಡಿದ್ದೆವು. 'ನನ್ನ ಊರು' ಎಂದು ಪ್ರಬಂಧ ಕೊಟ್ಟರೆ ಮುಂಬ್ರಾದ ಗುಡ್ಡದ ಚಾಳಿನ ಮಕ್ಕಳೂ ತುರ್ಭೆಯ ಗೋದಾಮಿನ ಹಿಂದಿನ ಮಕ್ಕಳೂ ಗೈಡಿನಿಂದ ಒಂದೇ ನದಿಯನ್ನು ತಂದು ಹರಿಸುತ್ತಿದ್ದರು. ನನಗೆ ಬೇಸರ ಬಂದಿತ್ತು. ಮೊದಲು ನಿಮ್ಮ ನಲ್ಲಿಯ ಮುಂದಿನ ಸಾಲಿನ ಚಿತ್ರ ಬರೆಯಿರಿ ಎಂದರು ಮಾಸ್ತರರು. ಆ ಸಾಲಿನಲ್ಲಿ ನಿಂತವರು ಏನು ಮಾತಾಡುತ್ತಾರೆ ಬರೆಯಿರಿ ಎಂದೆ ನಾನು. ಬರೆದದ್ದನ್ನು ಮಕ್ಕಳು ಎದ್ದು ಆಡಿ ತೋರಿಸಿದರು. ಪಠ್ಯದ ಪದ್ಯವನ್ನು ತೆಗೆದದ್ದು ಅದರ ನಂತರ, ಆಗ ಪದ್ಯದೊಳಗೂ ಯಾರೋ ಮಾತಾಡುತ್ತಿದ್ದಾರೆ ಎಂದು ಅವರಿಗೆ ತಾನಾಗಿ ಕೇಳಿಸಿತು. ಆಟದಲ್ಲಿ ಹಿಂದಿ, ಬೀದಿಯಲ್ಲಿ ಮರಾಠಿ ಆಡುವ ಮಕ್ಕಳು ಕನ್ನಡದಲ್ಲಿ ನಾಲ್ಕು ನಾಲ್ಕು ಪುಟ ತುಂಬಿಸಿದರು. ರೇವಣಸಿದ್ದ ತನ್ನ ಅಪ್ಪ ತುರ್ಭೆಯಲ್ಲಿ ಲೋಡಿಂಗ್ ಮಾಡುವ ಚಿತ್ರ ಬರೆದಿದ್ದ. ಮೂಟೆ ಇತ್ತು, ಕಾಲಿತ್ತು, ಮುಖವೇ ಇರಲಿಲ್ಲ. ಕೇಳಿದರೆ, "ಮೂಟಿ ಹೊತ್ತಾಗ ಮಾರಿ ಕಾಣಂಗಿಲ್ರೀ" ಎಂದ. ಮೂವತ್ತು ವರ್ಷ ಪಾಠ ಮಾಡಿದ್ದರಲ್ಲಿ ನಾನೂ ಏನೋ ಕಲಿತೆ ಎನಿಸಿದ್ದು ಆ ಆರು ತಿಂಗಳಲ್ಲಿ ಮಾತ್ರ. ಮೊದಲ ದಿನವೇ ಬೋರ್ಡಿನ ಮೇಲೆ ಬರೆದಿದ್ದೆ: ಬರೆದವರನ್ನು ಕೇಳದೆ ಯಾರೂ ಒಂದಕ್ಷರ ಬದಲಿಸಬಾರದು. ನನ್ನ ಕೈಯಿಂದಲೇ ಬರೆದಿದ್ದೆ.

ಮನೆಯಲ್ಲಿ ಯಾರಾದರೂ ಒಬ್ಬರ ಮಾತು ಕೇಳಿಸಿಕೊಂಡು ಬನ್ನಿ ಎಂದಾಗ ನೀನು ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಒಂದು ಮಧ್ಯಾಹ್ನ ಕೂತು ಬಂದೆ. ನಿನ್ನ ಅಪ್ಪ ಅಡುಗೆಮನೆಯ ಕಿಂಡಿಗೆ "ದೋ ಸಾದಾ, ಏಕ್ ಮೈಸೂರ್, ಸಾಂಬಾರ್ ಅಲಗ್" ಎಂದು ಕೂಗುವಾಗ ಒಂದು ಅಕ್ಷರವೂ ತಡವರಿಸುವುದಿಲ್ಲ, ಮನೆಗೆ ಬಂದರೆ ನಿನ್ನ ಹೆಸರಿನ ಮೊದಲ ಅಕ್ಷರದಲ್ಲೇ ನಾಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಬರೆದೆ. ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯ ಮುಂದೆ ನಿನ್ನ ಹೆಸರನ್ನು ಮೆಲ್ಲಗೆ ಹೇಳಿ ಹೇಳಿ ಅಭ್ಯಾಸ ಮಾಡುವುದನ್ನೂ ಬರೆದೆ. ಅದು ನನಗೆ ಗೊತ್ತೇ ಇರಲಿಲ್ಲ. ನಾಟಕದಲ್ಲಿ ಅಪ್ಪ ಎಲ್ಲಿಯೂ ತೊದಲುವುದಿಲ್ಲ. ತೊದಲಬೇಕಾದಲ್ಲಿ ನೀನು ಬರೀ 'ಅಪ್ಪ ಬಾಯಿ ತೆರೆಯುತ್ತಾರೆ. ಮಾತಿಲ್ಲ' ಎಂದು ಬರೆದಿದ್ದೆ. ಕೊನೆಗೆ ಪಾಲಕರ ಸಭೆಯಲ್ಲಿ ಟೀಚರು ನೀವು ಯಾರ ಅಪ್ಪ ಎಂದು ಕೇಳುತ್ತಾರೆ. ಅಪ್ಪ ತುಂಬಾ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ಹೋಟೆಲಿನ ಗಂಟಲಲ್ಲಿ, ಇಡೀ ಶಾಲೆಗೆ ಕೇಳುವ ಹಾಗೆ "ಏಕ್ ಪ್ರೇಕ್ಷಾ" ಎಂದು ಕೂಗುತ್ತಾರೆ. ಮಗಳು ಹಿಂದಿನ ಬೆಂಚಿನಿಂದ "ಬಂದೆ" ಎಂದು ಏಳುತ್ತಾಳೆ. ಪರದೆ. ಹದಿನಾಲ್ಕು ವರ್ಷದ ಹುಡುಗಿ ಬರೆದದ್ದು ಅದು.

ಡಿಸೆಂಬರಿನಲ್ಲಿ ಕಲ್ಯಾಣದಲ್ಲಿ ಅಂತರ್‌ಶಾಲಾ ಸ್ಪರ್ಧೆ. ಅದಕ್ಕೆ ಐದು ದಿನ ಮೊದಲು ನಿನಗೆ ಜ್ವರ ಬಂತು. ನೀನು ಮಲಗಿದ್ದಾಗ ನಾನು ನಾಟಕ ಬದಲಿಸಿದೆ. ನಗು ಇಲ್ಲದ ನಾಟಕಕ್ಕೆ ಬಹುಮಾನ ಬರುವುದಿಲ್ಲ ಎನಿಸಿತು. ಅಪ್ಪನ ಪಾತ್ರದ ರೇವಣಸಿದ್ದನಿಗೆ "ಪ್ರೇ… ಪ್ರೇ…" ಎಂದು ತೊದಲಲು ಹೇಳಿಕೊಟ್ಟೆ. ಜವಾನನ ಪಾತ್ರವೊಂದನ್ನು ಸೇರಿಸಿ ಅವನ ಬಾಯಲ್ಲಿ "ಪ್ರೇಮವಾ ಸಾರ್, ಪ್ರೇತವಾ?" ಎಂದು ಕೇಳಿಸಿದೆ. ಕೊನೆಯ ಕೂಗನ್ನು ತೆಗೆದುಹಾಕಿದೆ. ಅದರ ಬದಲು ಮಗಳು ಮುಖ ಮುಚ್ಚಿಕೊಂಡು "ಇವರು ಯಾರೋ ಗೊತ್ತಿಲ್ಲ ಟೀಚರ್" ಎನ್ನುವಂತೆ ಮಾಡಿದೆ. ಜಟ್ಟೆಪ್ಪ ಮಾಸ್ತರರು ಪಕ್ಕಕ್ಕೆ ಕರೆದು, "ಹುಡುಗಿ ಬರದಿದ್ದು ಹಂಗ ಇರ್ಲಿ ಬಾಯಾರ. ಮಂದಿ ನಕ್ರ ನಗ್ತಾರ, ಇಲ್ಲಂದ್ರ ಇಲ್ಲ" ಎಂದರು. ನಾಟಕ ಕಟ್ಟುವುದು ನನಗೆ ಬಿಡಿ ಎಂದುಬಿಟ್ಟೆ. ರೇವಣಸಿದ್ದನಿಗೂ ಮನಸ್ಸಿರಲಿಲ್ಲ. ಪ್ರೇಕ್ಷಾಗೆ ಗೊತ್ತೇನ್ರಿ ಎಂದು ಎರಡು ಸಲ ಕೇಳಿದ. ಗೊತ್ತು ಎಂದೆ.

ಸ್ಪರ್ಧೆಯ ಸಂಜೆ ನೀನು ಜ್ವರ ಬಿಟ್ಟ ಮೈಯಲ್ಲಿ ನೇರವಾಗಿ ನಾಟಕದ ಹಾಲ್‌ಗೆ ಬಂದು ಪರದೆಯ ಬದಿಯಲ್ಲಿ ಸ್ಟೀಲ್ ಲೋಟಗಳನ್ನು ಹಿಡಿದು ನಿಂತಿದ್ದೆ. ಅಪ್ಪ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಕ್ಕಳಿಗೆಲ್ಲ ಗೋಳಿಬಜೆಯ ಪಾರ್ಸಲ್ ಕಟ್ಟಿಸಿಕೊಂಡು ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದರು. ಮೊದಲ ತೊದಲಿಗೇ ಹಾಲ್ ನಕ್ಕಿತು. ಜವಾನನ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅಪ್ಪನನ್ನು ನೋಡಿದೆ. ಪಕ್ಕದವರು ನಗುವುದನ್ನು ಕಂಡು ಅವರೂ ನಕ್ಕರು. ಆಮೇಲೆ ನಿನ್ನ ಕಡೆ ನೋಡಿದೆ. ಲೋಟಗಳನ್ನು ಒಂದೊಂದಾಗಿ, ಸದ್ದಾಗದ ಹಾಗೆ ನೆಲದ ಮೇಲಿಟ್ಟು ನೀನು ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ. ನಮಗೆ ಮೊದಲ ಬಹುಮಾನ ಬಂತು. ಅಪ್ಪ ರೇವಣಸಿದ್ದನ ಬೆನ್ನು ತಟ್ಟಿ ಅವನ ಕೈಗೆ ಎರಡು ಗೋಳಿಬಜೆ ಹೆಚ್ಚು ಹಾಕಿದರು.

ಇಲ್ಲಿಯವರೆಗಿನದು ಬಹುಪಾಲು ನಿನಗೆ ಗೊತ್ತಿದೆ. ಇನ್ನು ಗೊತ್ತಿಲ್ಲದ್ದು ಹೇಳುತ್ತೇನೆ. ಕಲ್ಯಾಣ ಸ್ಟೇಷನ್ನಿನಲ್ಲಿ ನೀನು ಹುಡುಗಿಯರ ಜೊತೆ ಲೇಡೀಸ್ ಡಬ್ಬಿ ನಿಲ್ಲುವ ಕಡೆ ಮುಂದೆ ಹೋಗಿದ್ದೆ. ನಾನು ಬಹುಮಾನದ ಶೀಲ್ಡ್ ಎತ್ತಿಕೊಂಡು ನಿಂತಿದ್ದೆ. ಅಪ್ಪ ನನ್ನ ಹತ್ತಿರ ಬಂದು ತುಳುವಿನಲ್ಲಿ, ಅದು ಅವಳೇ ಬರೆದದ್ದಾ ಎಂದು ಕೇಳಿದರು. ಎಲ್ಲಿಯೂ ಸಿಕ್ಕಿಕೊಳ್ಳದೆ ಒಂದೇ ಉಸಿರಿಗೆ ಬಂತು ಆ ಮಾತು. "ಹೌದು, ಎಲ್ಲ ಅವಳದ್ದೇ" ಎಂದೆ ನಾನು. ಅವರು ತಲೆ ಆಡಿಸಿ ಪಾರ್ಸಲಿನ ಖಾಲಿ ಚೀಲವನ್ನು ಮಡಿಸತೊಡಗಿದರು. ಮತ್ತೆ ಕೇಳಲಿಲ್ಲ. ಮಾರನೆಯ ದಿನ ನೀನು ಅಡುಗೆಮನೆಗೆ ಬಂದು "ಬದಲಾಯಿಸಿದ್ದು ನೀನು ಅಂತ ಅಪ್ಪನಿಗೆ ಹೇಳಿದ್ದೀಯಲ್ಲ?" ಎಂದೆ. "ಹೇಳಿದ್ದೇನೆ" ಎಂದೆ ನಾನು. ಹೀಗೆ ಎರಡು ದಿನದಲ್ಲಿ ಎರಡು ಸುಳ್ಳು ಹೇಳಿ ನಿಮ್ಮಿಬ್ಬರನ್ನೂ ಒಂದೇ ಮನೆಯಲ್ಲಿ ಬೇರೆ ಬೇರೆ ಕೂರಿಸಿದೆ. ಮಗಳು ತನ್ನನ್ನು ನಾಲ್ಕು ನೂರು ಜನರ ಮುಂದೆ ಆಡಿಕೊಂಡಳು ಎಂದು ಅವರು ತಿಳಿದರು. ನಿನ್ನ ಹೆಸರು ಹೇಳುವುದನ್ನೇ ಬಿಟ್ಟರು, ಬರೀ 'ಮಗಾ' ಎಂದರು. ತನ್ನ ಗುಟ್ಟು ಬರೆದದ್ದಕ್ಕೇ ಅಪ್ಪ ಮುನಿದಿದ್ದಾರೆ ಎಂದು ನೀನು ತಿಳಿದೆ. ಮತ್ತೆ ಒಂದು ಸಾಲೂ ಬರೆಯಲಿಲ್ಲ. ಹತ್ತನೆಯದು ಮುಗಿದದ್ದೇ ಪುಣೆಯ ಹಾಸ್ಟೆಲು, ಸಾಯನ್ಸು, ಈಗ ನಾಗಪುರ. ಜನ ಕೇಳಿದರೆ ನಮ್ಮ ಪ್ರೇಕ್ಷಾಗೆ ಸಾಯನ್ಸ್ ಇಷ್ಟ ಎಂದು ಹೇಳಿಕೊಂಡು ತಿರುಗಿದವಳೂ ನಾನೇ.

ಯಾಕೆ ಹಾಗೆ ಹೇಳಿದೆ ಎಂದು ಕೇಳಿಕೊಂಡಿದ್ದೇನೆ. ಬಹುಮಾನದ ಆಸೆ ಇತ್ತು, ನಿಜ. ಅದರ ಕೆಳಗೆ ಇನ್ನೊಂದಿತ್ತು. ನಾನು ಬಿ.ಎಡ್. ಮಾಡಿದವಳು, ಅವರು ಏಳನೆಯ ಕ್ಲಾಸಿಗೆ ಬಿಟ್ಟವರು. ಮದುವೆಯಾದ ಹೊಸದರಲ್ಲಿ ಅವರು ನನ್ನ ಟಿಫಿನ್ ಕೊಡಲು ಶಾಲೆಗೆ ಬಂದಾಗ ಗೇಟಿನ ಹತ್ತಿರವೇ ನಿಲ್ಲಿ, ಒಳಗೆ ಬರಬೇಡಿ ಎಂದಿದ್ದೆ. ಯಾರಾದರೂ ಮಾತಾಡಿಸಿದರೆ ಏನಾಗುವುದೋ ಎಂದು ಹೆದರಿಕೆ. ರಂಗದ ಮೇಲೆ ಆ ಹುಡುಗಿ ಮುಖ ಮುಚ್ಚಿಕೊಂಡು ಆಡಿದ ಮಾತು ನಿನ್ನದಾಗಿರಲಿಲ್ಲ ಮಗಳೇ, ಅದು ನನ್ನ ಮನಸ್ಸಿನ ಮಾತಾಗಿತ್ತು. ಹಾಗಾಗಿಯೇ ನಾನು ಬರೆದದ್ದು ಎಂದು ಅವರ ಮುಖ ನೋಡಿ ಹೇಳಲಾಗಲಿಲ್ಲ. ನಿನ್ನ ತಲೆಗೆ ಕಟ್ಟಿದರೆ ಮಗುವಿನ ತುಂಟತನವೆಂದು ಕಳೆದುಹೋಗುತ್ತದೆ ಎಂದುಕೊಂಡೆ. ಶುಕ್ರವಾರದ ತರಗತಿಯನ್ನೂ ಮುಂದಿನ ವರ್ಷ ನಿಲ್ಲಿಸಿದೆ. ಪೋರ್ಷನ್ ಮುಗಿಯುವುದಿಲ್ಲ ಎಂದು ಕಾರಣ ಕೊಟ್ಟೆ. ಮಕ್ಕಳು ಮತ್ತೆ ಗೈಡಿನ ನದಿಗೆ ಹೋದರು.

ನೋಟ್‌ಬುಕ್ ಕೈಗೆ ಬಂದ ಮೇಲೆ ಎರಡು ವಾರ ಅದನ್ನು ನನ್ನ ಸೀರೆಗಳ ಅಡಿಯಲ್ಲಿ ಬಚ್ಚಿಟ್ಟೆ. ಸುಟ್ಟುಬಿಡುವ ಯೋಚನೆಯೂ ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಜೂನ್ ನಾಲ್ಕನೆಯ ಭಾನುವಾರ, ಅಪ್ಪ ಸ್ನಾನ ಮಾಡಿ ಪೇಪರು ಹಿಡಿದು ಕೂತಿದ್ದಾಗ ಅವರ ಮುಂದೆ ಇಟ್ಟು ಎಲ್ಲವನ್ನೂ ಹೇಳಿದೆ. ಅವರು ನನ್ನ ಕಡೆ ನೋಡದೆ ಕೇಳಿಸಿಕೊಂಡರು. ಆಮೇಲೆ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದಿದರು. ಅವರು ಓದುವುದು ನಿಧಾನ, ನಿನಗೆ ಗೊತ್ತು. ಕುಕ್ಕರು ಇಳಿಸಿ, ಬಟ್ಟೆ ಒಣಹಾಕಿ ಬಂದರೂ ಓದುತ್ತಲೇ ಇದ್ದರು. ಕೊನೆಯ ಪುಟದ ಚಿತ್ರದ ಮೇಲೆ ಕೈ ಇಟ್ಟುಕೊಂಡು, ನೀನು ಅವಳ ಮೇಲೆ ಹಾಕಿದ್ದು ಅವಳಿಗೆ ಗೊತ್ತುಂಟಾ ಎಂದು ಕೇಳಿದರು. ಗೊತ್ತಿಲ್ಲ, ನಿಮಗೆ ನಿಜ ತಿಳಿದಿದೆ ಎಂದುಕೊಂಡಿದ್ದಾಳೆ ಎಂದೆ. "ಎ… ಎಂಟು ವರ್ಷ" ಎಂದರು. ಅಷ್ಟೇ. ಊಟ ಮಾಡದೆ ಡ್ಯೂಟಿಗೆ ಹೋದರು. ಅಂದಿನಿಂದ ಬೈದಿಲ್ಲ, ಮುಖ ತಿರುಗಿಸಿಲ್ಲ. ಚಹಾ ಕೊಟ್ಟರೆ ತೆಗೆದುಕೊಳ್ಳುತ್ತಾರೆ, ಬಾಗಿಲು ಹಾಕಿಕೋ ಎನ್ನುತ್ತಾರೆ. ಹೊಸದಾಗಿ ಪರಿಚಯವಾದವರ ಜೊತೆ ಮಾತಾಡುವ ಹಾಗೆ ಮರ್ಯಾದೆಯಿಂದ ಇದ್ದಾರೆ. ಅದನ್ನು ಅನುಭವಿಸಬೇಕಾದವಳು ನಾನು, ಅನುಭವಿಸುತ್ತಿದ್ದೇನೆ.

ಇನ್ನೊಂದು ಸಂಗತಿ. ಜಟ್ಟೆಪ್ಪ ಮಾಸ್ತರರ ಜಾಗಕ್ಕೆ ಯಶ್ವಂತ್ ಎಂಬ ಹುಡುಗ ಬಂದಿದ್ದಾನೆ. ಹಳೆಯ ಮಕ್ಕಳಿಂದ ಶುಕ್ರವಾರದ ತರಗತಿಯ ಬಗ್ಗೆ ಕೇಳಿದ್ದಾನಂತೆ, ಮತ್ತೆ ಶುರು ಮಾಡೋಣ ಟೀಚರ್ ಎನ್ನುತ್ತಾನೆ. ನಾನು ಮಾಡಿದ್ದನ್ನು ಅವನಿಗೆ ಹೇಳಿದೆ. ಹಾಗಾದರೆ ನೀವು ಇರಲೇಬೇಕು ಎಂದ. ಮಕ್ಕಳು ತಮ್ಮ ಮನೆಯವರನ್ನು ನಂಬಿಕೆಯಿಂದ ತಂದು ನಮ್ಮ ಕೈಗೆ ಕೊಡುತ್ತಾರೆ. ಆ ಕೆಲಸಕ್ಕೆ ನನಗೆ ಇನ್ನೂ ಯೋಗ್ಯತೆ ಉಂಟೋ ಎನ್ನುವುದನ್ನು ನೀನು ಹೇಳಬೇಕು. ಬೇಡ ಎಂದರೆ ಬೇಡ, ನಿವೃತ್ತಿಗೆ ಉಳಿದ ಮೂರು ವರ್ಷ ವ್ಯಾಕರಣ ಕಲಿಸಿ ಮನೆಗೆ ಬರುತ್ತೇನೆ.

ಕ್ಷಮಿಸು ಎಂದು ಬರೆಯಲು ಹೋದೆ. ಹಾಗೆ ಬರೆದರೆ ಅದಕ್ಕೆ ಉತ್ತರ ಕೊಡುವ ಭಾರವೂ ನಿನ್ನ ಮೇಲೆಯೇ ಬೀಳುತ್ತದೆ ಎನಿಸಿ ಬಿಟ್ಟೆ. ನಿನಗೆ ತೋಚಿದಾಗ ಏನಾದರೂ ಬರೆ. ಕೋಪದಲ್ಲಾದರೂ ಸರಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕೆಮ್ಮು ಹೆಚ್ಚಾದರೆ ಡಾಕ್ಟರಿಗೆ ತೋರಿಸು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಅಪ್ಪ ಈ ಶುಕ್ರವಾರ ಸಂಜೆ ಠಾಣೆಯಿಂದ ವಿದರ್ಭ ಎಕ್ಸ್‌ಪ್ರೆಸ್ ಹಿಡಿಯುತ್ತಾರೆ, ಎಸ್-೬, ಬರ್ತ್ ೪೧. ಶನಿವಾರ ಬೆಳಿಗ್ಗೆ ನಾಗಪುರ. ಟಿಕೆಟ್ ಕೌಂಟರಿಗೆ ತಾವೇ ಹೋಗಿ, ಸಾಲಿನಲ್ಲಿ ನಿಂತು, ಮಾತಾಡಿ ತಂದಿದ್ದಾರೆ. ನಾನೂ ಬರಲೇ ಎಂದೆ. "ಈ ಸಲ ಬೇಡ" ಎಂದರು. ಅವಳಿಗೆ ಫೋನ್ ಮಾಡಬಾರದು ಎಂದು ಮಾತು ತೆಗೆದುಕೊಂಡಿದ್ದಾರೆ. ಕಾಗದ ಬರೆಯಬಾರದು ಎಂದಿಲ್ಲ, ಅದಕ್ಕೇ ಸ್ಪೀಡ್ ಪೋಸ್ಟ್. ಸ್ಟೇಷನ್ನಿಗೆ ಹೋಗು. ನಿನಗೆ ಹೇಳಬೇಕಾದದ್ದು ಅವರ ಹತ್ತಿರ ತುಂಬಾ ಇದೆ, ಹೊತ್ತು ಹಿಡಿಯುತ್ತದೆ. ಇಷ್ಟು ವರ್ಷ ಅವರ ಮಾತು ಅರ್ಧದಲ್ಲಿ ನಿಂತಾಗಲೆಲ್ಲ ಉಳಿದದ್ದನ್ನು ನಾನೇ ಮುಗಿಸಿಬಿಡುತ್ತಿದ್ದೆ. ನೀನು ಮುಗಿಸಬೇಡ.