ಹನ್ನೊಂದು ದಿನ ತಡವಾದ ಪಾರ್ಸೆಲ್

ಆಲ್ದೂರು
೧೯೩೭ನೇ ಇಸವಿ ನವೆಂಬರ್ ೧೯

ಸಂಸೆಯಲ್ಲಿರುವ ನನ್ನ ಯಜಮಾನರು ಓಂಕಾರಮೂರ್ತಿಯವರಿಗೆ ಗಿರಿಜಾಂಬಾ ಮಾಡುವ ಶರಣು.

ನಾನು ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಈ ಸಲ ಕೇಳುವುದಿಲ್ಲ. ಕೇಳಿದರೆ ನೀವು ಸಂಸೆಯವರ ಕ್ಷೇಮ ಬರೆಯುತ್ತೀರಿ. ಯಾರಿಗೆ ಜ್ವರ ಬಿಟ್ಟಿತು, ಯಾರು ಎದ್ದು ಕೂತು ಗಂಜಿ ಕುಡಿದರು, ಯಾರ ಮನೆಯ ಮಗುವಿಗೆ ಮತ್ತೆ ಚಳಿ ಹತ್ತಿತು. ಎರಡು ವರ್ಷದಲ್ಲಿ ನೀವು ನನಗೆ ಬರೆದದ್ದು ಏಳು ಕಾಗದ. ನಿನ್ನೆ ಅಷ್ಟನ್ನೂ ತೆಗೆದು ಓದಿದೆ. ಏಳರಲ್ಲೂ ನನ್ನ ಪಾಲಿಗೆ ಬಂದದ್ದು ಕೊನೆಯ ಒಂದು ಸಾಲು: ‘ನೀನು ಚೆನ್ನಾಗಿದ್ದೀಯೆಂದು ನಂಬಿದ್ದೇನೆ.’ ಉಳಿದ ಸಾಲುಗಳೆಲ್ಲ ಬೇರೆಯವರವು.

ನಿಮಗೆ ಹೇಳಬೇಕಾದ ಒಂದು ವಿಷಯವಿದೆ. ಸಂಸೆಯಲ್ಲಿ ಮೂರು ದಿನ ನಿಮ್ಮೆದುರಿಗೇ ಓಡಾಡಿಕೊಂಡಿದ್ದೆ, ಹೇಳಲು ಬಾಯಿ ಬರಲಿಲ್ಲ. ಇಲ್ಲಿಗೆ ಬಂದ ಮೇಲೂ ಹದಿನೈದು ದಿನದಿಂದ ಕಾಗದ ಬರೆಯುತ್ತೇನೆ, ಹರಿಯುತ್ತೇನೆ. ಅತ್ತಿಗೆ ಒಲೆ ಹಚ್ಚುವಾಗಲೆಲ್ಲ ನನ್ನ ಕಾಗದದ ಚೂರುಗಳೇ. ಇದನ್ನು ಹರಿಯುವ ಮೊದಲೇ ಬರೆದುಬಿಡುತ್ತೇನೆ. ಚಿಕ್ಕಮಗಳೂರಿನಿಂದ ಚಂದ್ರಶೇಖರಪ್ಪನವರು ಕಳಿಸಿದ ಕ್ವಿನೈನ್ ಮಾತ್ರೆಯ ಪಾರ್ಸೆಲ್ ತಡವಾಗಿ ಬರಲಿಲ್ಲ. ಎಂದಿನಂತೆ ನಮ್ಮ ಅಣ್ಣ ರುದ್ರಪ್ಪನ ಅಂಗಡಿಗೇ ಅಕ್ಟೋಬರ್ ಹದಿನೆಂಟರಂದು ಬಂದಿತ್ತು. ಅಣ್ಣ ಊರಲ್ಲಿರಲಿಲ್ಲ. ನಾನೇ ಇಳಿಸಿಕೊಂಡೆ. ನಾನೇ ಅದನ್ನು ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ಹಿಂದೆ ಇಟ್ಟೆ. ಹನ್ನೊಂದು ದಿನ ಅದು ಅಲ್ಲೇ ಇತ್ತು.

ಯಾಕೆ ಎಂದು ಕೇಳುತ್ತೀರಿ. ಒಂದೇ ಮಾತಿನಲ್ಲಿ ಹೇಳುವುದಾದರೆ ಹೊಟ್ಟೆಕಿಚ್ಚು.

ಕೊಟ್ಟಿಗೆಹಾರದ ಹತ್ತಿರದ ಆ ಎಸ್ಟೇಟಿನಲ್ಲಿ ನೀವು ಹೆಡ್ ರೈಟರಾಗಿದ್ದಾಗ ನಮಗೆ ಏನು ಕಡಿಮೆಯಿತ್ತು? ಹಂಚಿನ ಮನೆ, ಕರೆಯುವ ಹಸು, ಹಿತ್ತಲಿನಲ್ಲಿ ಬೇಕಾದಷ್ಟು ಸೌದೆ. ಸಂತೆಗೆ ಹೋದರೆ ಮೇಸ್ತ್ರಿಗಳ ಹೆಂಡತಿಯರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಅದು ನನಗೆ ಇಷ್ಟವಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ಸಾಯಂಕಾಲ ನೀವು ಆಫೀಸಿನಿಂದ ಬಂದವರು ಕೋಟನ್ನೂ ಬಿಚ್ಚದೆ ಜಗಲಿಯ ಮೇಲೆ ಕೂತಿರಿ. ಈ ತಿಂಗಳು ಹಾಜರಿ ಪುಸ್ತಕದಲ್ಲಿ ಏಳು ಹೆಸರು ಹೊಡೆದುಹಾಕಿದೆ, ಏಳೂ ಜನ ಚಳಿಜ್ವರಕ್ಕೆ ಹೋದರು, ಅವರಲ್ಲಿ ನಾಲ್ವರು ಸಂಸೆ ಕಡೆಯವರು ಎಂದಿರಿ. ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. “ಅದಕ್ಕೆ ನಿಮ್ಮ ಸಂಬಳ ಹಿಡೀತಾರೇನು?” ಎಂದು ಕೇಳಿದೆ.

ಆಗ ನೀವು ನನ್ನನ್ನು ನೋಡಿದ ರೀತಿ ಮರೆತಿಲ್ಲ. ಸಿಟ್ಟಿನಿಂದ ನೋಡಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ನೀವು ನನ್ನನ್ನು ಗುರುತೇ ಇಲ್ಲದವಳಂತೆ ನೋಡಿದಿರಿ.

ಅಲ್ಲಿಂದ ಆರು ತಿಂಗಳಿಗೆ ಕೆಲಸ ಬಿಟ್ಟಿರಿ. ಸಂಸೆಗೆ ಹೋಗಿ ಜ್ವರದವರಿಗೆ ಮಾತ್ರೆ ಹಂಚುತ್ತೇನೆ, ಅಲ್ಲಿನ ತೋಟದವರ ಮಕ್ಕಳಿಗೆ ಪಾಠ ಹೇಳಿದರೆ ಊಟಕ್ಕಾಗುತ್ತದೆ, ನೀನೂ ಬಾ ಎಂದಿರಿ. ಕರೆದದ್ದು ಒಂದೇ ಸಲ. ಎರಡನೇ ಸಲ ಕರೆಯುತ್ತೀರೆಂದು ಬಾಗಿಲ ಸಂದಿಯಲ್ಲಿ ನಿಂತು ಕಾದೆ. ನೀವು ಟ್ರಂಕು ಎತ್ತಿಕೊಂಡು ಹೊರಟೇಬಿಟ್ಟಿರಿ. ನಾನು ತವರಿಗೆ ಬಂದೆ. ಗಂಡ ಎಲ್ಲಮ್ಮಾ ಎಂದು ಕೇಳಿದವರಿಗೆಲ್ಲ “ದೊಡ್ಡ ಕೆಲಸದ ಮೇಲೆ ಹೋಗಿದ್ದಾರೆ” ಎನ್ನುತ್ತಿದ್ದೆ. ವ್ಯಂಗ್ಯಕ್ಕೆ ಹೇಳುತ್ತಿದ್ದೆ, ಕೇಳಿದವರು ನಿಜವೆಂದೇ ತಿಳಿದು ಕೈಮುಗಿಯುತ್ತಿದ್ದರು. ಅದಕ್ಕೂ ನನಗೆ ಉರಿಯುತ್ತಿತ್ತು.

ದೇವೀರಮ್ಮನ ಹೆಸರು ಮೊದಲು ಹೇಳಿದವನು ಗಾಡಿ ಮಂಜಯ್ಯ. ಪಾರ್ಸೆಲನ್ನು ಕಳಸಕ್ಕೆ ಮುಟ್ಟಿಸುವವನು ಅವನೇ ಆದ್ದರಿಂದ ಅವನ ಬಾಯಲ್ಲಿ ನಿಮ್ಮ ಸುದ್ದಿ ಇದ್ದೇ ಇರುತ್ತಿತ್ತು. “ರೈಟ್ರ ಜೊತೆ ಈಗ ದೇವೀರಮ್ಮ ಅಂತ ಒಬ್ಳು ಇದಾಳೆ ಅಮ್ಮಾರೆ. ಗಂಡ ಸತ್ತವಳು, ಕಾಫಿ ಹಣ್ಣು ಕೊಯ್ಯೋ ಆಳು. ಎಂಥ ಚುರುಕು ಅಂತೀರಿ! ಅವಳಿಲ್ದೆ ರೈಟ್ರಿಗೆ ಒಂದು ಕೆಲಸಾನೂ ಸಾಗಲ್ಲ” ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು ಒಳಗೆ ಹೋಗಿ ಹಾಲಿನ ಪಾತ್ರೆಯನ್ನು ಎಷ್ಟು ಜೋರಾಗಿ ಇಟ್ಟೆನೆಂದರೆ ಅತ್ತಿಗೆ ಬೆಚ್ಚಿಬಿದ್ದರು. ಅವಳಿಗೆ ಎಷ್ಟು ವಯಸ್ಸು, ನೋಡಲು ಹೇಗಿದ್ದಾಳೆ, ನಿಮ್ಮನ್ನು ಏನೆಂದು ಕರೆಯುತ್ತಾಳೆ? ಇದೆಲ್ಲ ಮಂಜಯ್ಯನನ್ನು ಕೇಳಲು ನನ್ನ ಬಿಂಕ ಬಿಡಲಿಲ್ಲ. ಕೇಳದೆ ಇದ್ದದ್ದಕ್ಕೆ ಅವಳು ನನ್ನ ತಲೆಯಲ್ಲಿ ದಿನದಿನಕ್ಕೆ ಚೆಲುವೆಯಾಗುತ್ತ ಹೋದಳು.

ಪಾರ್ಸೆಲ್ ಬಚ್ಚಿಟ್ಟಾಗ ನನ್ನ ಲೆಕ್ಕಾಚಾರ ಇಷ್ಟೇ. ಮಾತ್ರೆ ಬರದಿದ್ದರೆ ವಿಚಾರಿಸಲು ನೀವೇ ಬರುತ್ತೀರಿ. ಬಂದರೆ ಒಂದು ದಿನವಾದರೂ ಇರುತ್ತೀರಿ. ಆರನೇ ದಿನ ನೀವು ಬಂದಿರಿ. ನಾನು ಬೆಳಿಗ್ಗೆಯಿಂದಲೇ ಇಳಕಲ್ ಸೀರೆ ಉಟ್ಟುಕೊಂಡಿದ್ದೆ, ಯಾಕೋ ಅವತ್ತು ಬರುತ್ತೀರೆನ್ನಿಸಿತ್ತು. ನೀವು ಮೆಟ್ಟಿಲ ಕೆಳಗೇ ನಿಂತು “ಗಿರಿಜಾ, ಪಾರ್ಸೆಲ್ ಬಂತಾ?” ಎಂದಿರಿ. ಎರಡು ವರ್ಷದ ಮೇಲೆ ಹೆಂಡತಿಯ ಮುಖ ಕಂಡು ಗಂಡ ಆಡಿದ ಮೊದಲ ಮಾತು ಅದು. ಆ ಕ್ಷಣದಲ್ಲಿ ‘ಬಂದಿದೆ, ಒಳಗೆ ಬನ್ನಿ’ ಎನ್ನಬಹುದಿತ್ತು. ನಾಲಿಗೆ “ಇಲ್ಲ” ಎಂದಿತು.

ನೀವು ಅಲ್ಲೇ ಜಗಲಿಯ ಅಂಚಿನಲ್ಲಿ ಕೂತು ಚಂದ್ರಶೇಖರಪ್ಪನವರಿಗೆ ಒಂದು ಕಾಗದ ಬರೆದಿರಿ, ಅಂಚೆಗೆ ಹಾಕೆಂದು ನನ್ನ ಕೈಗೆ ಕೊಟ್ಟಿರಿ. ನಾನು ತಂದಿಟ್ಟ ಕಾಫಿಯನ್ನು ನಿಂತುಕೊಂಡೇ ಕುಡಿದು, ಬಾಳೆಹೊನ್ನೂರು ಬಸ್ಸು ಹಾರ್ನ್ ಮಾಡಿದ್ದೇ ಓಡಿದಿರಿ. ಆ ಕಾಗದವನ್ನೂ ನಾನು ಅಂಚೆಗೆ ಹಾಕಲಿಲ್ಲ. ಅದು ಇದರ ಜೊತೆಯಲ್ಲೇ ಇದೆ, ನೋಡಿ.

ಅದಾಗಿ ಐದು ದಿನಕ್ಕೆ ಮಂಜಯ್ಯ ಬಂದು, ದೇವೀರಮ್ಮನೂ ಜ್ವರ ಬಂದು ಮಲಗಿದ್ದಾಳೆ ಎಂದ. ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು: ನೀವು ಅವಳ ಚಾಪೆಯ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೀರಿ. ನಮ್ಮ ಒಂಬತ್ತು ವರ್ಷದ ಸಂಸಾರದಲ್ಲಿ ನನಗೆ ಹಾಗೆ ಮಾಡಿದ್ದು ನೆನಪಿಲ್ಲ. ನನಗೆ ಅಂಥ ಜ್ವರ ಬಂದದ್ದೂ ಇಲ್ಲ ಅನ್ನುವುದು ಬೇರೆ ಮಾತು. ಮೂಟೆಗಳ ಹಿಂದಿನಿಂದ ಪಾರ್ಸೆಲ್ ಎತ್ತಿಕೊಂಡೆ. ಅತ್ತಿಗೆಗೆ, ತಡವಾಗಿ ಬಂದಿದೆ, ನಾನೇ ಮುಟ್ಟಿಸಿ ಬರುತ್ತೇನೆ ಎಂದೆ. ಯಾರ ಮೇಲಿನ ಕನಿಕರಕ್ಕೂ ನಾನು ಹೊರಡಲಿಲ್ಲ. ನಿಮ್ಮನ್ನು ಅವಳ ಚಾಪೆಯ ಪಕ್ಕದಲ್ಲಿ ಹಿಡಿಯಬೇಕೆಂದು ಹೊರಟೆ. ಬಸ್ಸು, ಆಮೇಲೆ ಕಳಸದವರೆಗೆ ಮಂಜಯ್ಯನ ಗಾಡಿ, ಅಲ್ಲಿಂದ ಸಂಸೆಗೆ ಕಾಲುನಡಿಗೆ. ಕಾಲಿನ ತುಂಬ ಉಂಬಳ ಹತ್ತಿ, ಹೀರಿದ ಕಡೆಯಲ್ಲೆಲ್ಲ ರಕ್ತ ಇಳಿದರೂ ನನಗೆ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಅವಳಿಗೆ ಆಡಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

ನೀವು ಅಲ್ಲಿರಲಿಲ್ಲ. ಹಳ್ಳದಾಚೆಯ ಮನೆಗಳಿಗೆ ಹೋಗಿದ್ದಿರಿ. ಆ ಹುಲ್ಲಿನ ಮಾಡಿನ ಕೆಳಗೆ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದವಳು ನಾನು ಅಂದುಕೊಂಡ ಚೆಲುವೆಯಲ್ಲ. ನನಗಿಂತ ದೊಡ್ಡವಳು, ಹಲ್ಲು ಮುಂದೆ, ಕೂದಲು ನೆರೆತಿದೆ. ನನ್ನ ಕಂಕುಳಲ್ಲಿದ್ದ ಪೊಟ್ಟಣ ನೋಡಿದ್ದೇ ಎದ್ದು ಕೂತಳು. “ಮಾತ್ರೆಯಾ?” ಎಂದಳು. ಹೌದೆಂದೆ. “ಓದೋಕೆ ಬರುತ್ತಾ ನಿಮಗೆ?” ಎಂದಳು. ಅದಕ್ಕೂ ಹೌದೆಂದೆ. ನಾನು ಯಾರೆಂದು ಕೇಳಲಿಲ್ಲ. ಗೋಡೆಗೆ ಸಿಕ್ಕಿಸಿದ್ದ ನಿಮ್ಮ ಪುಸ್ತಕ ತೋರಿಸಿ, “ಹಂಗಾದ್ರೆ ಕೂತ್ಕಳಿ ಅಮ್ಮಾರೆ. ಒಂದೊಂದೇ ಹೆಸರು ಓದಿ. ಯಾರಿಗೆ ಮೊದಲು ಕೊಡಬೇಕು ನಾನು ಹೇಳ್ತೀನಿ” ಎಂದಳು. ಮೊದಲು ನೀನು ತಗೋ ಎಂದರೆ, “ನಂದು ಇವತ್ತು ಇಳಿಯೋ ದಿನ, ಸಂಜೆಗೆ ಬಿಡುತ್ತೆ. ಶೇಷಪ್ಪಜ್ಜಂಗೆ ಇವತ್ತು ಜ್ವರ ಏರೋ ದಿನ. ಓಡಿ” ಎಂದು ಗದರಿದಳು.

ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದನ್ನೂ ಆಡಲು ನನಗೆ ಬಿಡುವು ಸಿಗಲಿಲ್ಲ. ನಾನು ಓಡಿದೆ. ರೈಟರ ಹೆಂಡತಿ, ಅಂಗಡಿ ರುದ್ರಪ್ಪನ ತಂಗಿ, ಸೀರೆ ಎತ್ತಿ ಕಟ್ಟಿಕೊಂಡು ಗದ್ದೆಯ ಅಂಚಿನ ಮೇಲೆ ಓಡಿದೆ.

ಸಂಜೆ ನೀವು ಬಂದಾಗ ನಾನು ಬಾಗಿಲಲ್ಲಿ ನಿಂತು ಹೆಸರುಗಳ ಮುಂದೆ ಗುರುತು ಹಾಕುತ್ತಿದ್ದೆ. ನೀವು ನನ್ನನ್ನು ನೋಡಿದಿರಿ, ಪೊಟ್ಟಣವನ್ನು ನೋಡಿದಿರಿ. “ಬಂದೆಯಾ” ಎಂದಿರಿ. ಆಮೇಲೆ “ಶೇಷಪ್ಪಜ್ಜನಿಗೆ ಕೊಟ್ಟಾಯ್ತಾ?” ಎಂದಿರಿ. ಆಲ್ದೂರಿನಲ್ಲಾಗಿದ್ದರೆ ಆ ಎರಡನೇ ಮಾತಿಗೆ ನಾನು ಒಂದು ವಾರ ಮಾತು ಬಿಡುತ್ತಿದ್ದೆ. ಅಲ್ಲಿ, “ಎರಡು ಸಲ ಉಗಿದ, ಮೂರನೇ ಸಲ ಮೂಗು ಹಿಡಿದು ಹಾಕಿದೆ” ಎಂದು ಬಾಯಿ ತಾನೇ ವರದಿ ಒಪ್ಪಿಸಿತು. ನೀವು ನಕ್ಕಿರಿ. ನೀವು ನನ್ನ ಮಾತಿಗೆ ನಕ್ಕು ಎಷ್ಟು ಕಾಲವಾಗಿತ್ತು!

ಮೂರನೇ ಬೆಳಿಗ್ಗೆ ಶೇಷಪ್ಪಜ್ಜ ಗೋಡೆಗೊರಗಿ ಕೂತಿದ್ದ. ನನ್ನನ್ನು ಕಂಡು, “ನಿನ್ನ ಹೆಸರೆಂಥದ್ದು ಮಾರಾಯ್ತಿ? ಬೈಯೋಕಾದ್ರೂ ಬೇಕಲ್ಲ” ಎಂದ. ಹೇಳಿದೆ. ಎರಡು ಸಲ ಹೇಳಿಸಿಕೊಂಡ. ಹೊಳೆಯ ಕಡೆ ಹೋಗಿ ಒಬ್ಬಳೇ ಕೂತು ಅತ್ತೆ. ದುಃಖಕ್ಕಲ್ಲ. ಬೆಳಗಾದರೆ ಏಳುವುದಕ್ಕೆ ನನಗೊಂದು ಕಾರಣ ಸಿಕ್ಕಿತ್ತು, ಅದು ಇಷ್ಟು ದಿನ ನಿಮ್ಮಿಬ್ಬರಿಗೆ ಮಾತ್ರ ಸಿಕ್ಕಿತ್ತಲ್ಲ ಎಂದು.

ಅವತ್ತೇ ದೇವೀರಮ್ಮನಿಗೆ ನಾನು ಯಾರೆಂದು ನೀವು ಹೇಳಿದಿರಿ. ಅವಳು ಬೆರಗಾಗಲಿಲ್ಲ. ಪುಸ್ತಕದಲ್ಲಿ ಬರೆಯುತ್ತಿದ್ದ ನನ್ನ ಕೈಯನ್ನೇ ನೋಡುತ್ತ ಕೂತಿದ್ದವಳು, “ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು ಅಮ್ಮಾರೆ” ಎಂದಳು. ನಾನು ಬರೆಯುವುದನ್ನು ನಿಲ್ಲಿಸಿದೆ. “ಅರವತ್ತು ಮನೆ ನಾನು ತಲೇಲಿ ಇಟ್ಕಂಡಿದೀನಿ. ಜ್ವರ ಬಂದ್ರೆ ತಲೆ ಕಲಸಿ ಹೋಗುತ್ತೆ. ನೀವು ಬರೆದಿಟ್ರೆ ಮುಗೀತು, ಎಲ್ಲೂ ಹೋಗಲ್ಲ” ಎಂದಳು. ನಾನು ಎರಡು ವರ್ಷ ಅವಳ ಮೇಲೆ ಕುದಿಯುತ್ತಿದ್ದೆ. ಅವಳು ನನ್ನ ಅಕ್ಷರದ ಮೇಲೆ ಕುದಿಯುತ್ತಿದ್ದಳು, ಅದನ್ನು ನನ್ನ ಮುಖಕ್ಕೇ ಹೇಳಿದಳು. ನನಗೆ ಆ ಧೈರ್ಯ ಇರಲಿಲ್ಲ. ಅವತ್ತು ಸಂಜೆ ಅವಳ ಹೆಸರನ್ನು ಬರೆಯುವುದು ಕಲಿಸಿದೆ. ‘ವೀ’ ಬರೆಯುವಾಗ ನಾಲಿಗೆ ಹೊರಗೆ ಹಾಕುತ್ತಾಳೆ.

ಹೊರಡುವ ಹಿಂದಿನ ದಿನ, ಈ ಹನ್ನೊಂದು ದಿನದಲ್ಲಿ ಯಾರಾದರೂ ಹೋದರೇ ಎಂದು ನಿಮ್ಮನ್ನು ಕೇಳಿದೆ. ನೀವು ಪೊಟ್ಟಣಕ್ಕೆ ದಾರ ಕಟ್ಟುತ್ತಿದ್ದಿರಿ. ತಲೆ ಎತ್ತದೆ “ಯಾರೂ ಇಲ್ಲ” ಎಂದಿರಿ.

ಈಗ ನಾನು ಕೇಳುವುದು ಇಷ್ಟು. ನನಗೆ ಅಲ್ಲಿಗೆ ಬರಬೇಕಾಗಿದೆ. ಗಂಡನ ಹಿಂದೆ ಬಂದ ಹೆಂಡತಿಯಾಗಿ ಅಲ್ಲ. ಹಾಗೆ ಬರುವುದಾಗಿದ್ದರೆ ಎರಡು ವರ್ಷದ ಹಿಂದೆಯೇ ಬರಬೇಕಿತ್ತು. ಹಳ್ಳದಾಚೆಯ ಹದಿನಾಲ್ಕು ಮನೆಗಳನ್ನು ನನಗೆ ಬಿಟ್ಟುಕೊಡಿ. ಪುಸ್ತಕವೂ ನನ್ನದೇ. ನಿಮ್ಮ ಅಕ್ಷರ ಈಚೆಗೆ ಬಹಳ ಕೆಟ್ಟಿದೆ. ಹೊಟ್ಟೆಕಿಚ್ಚು ಹೋಯಿತೆಂದು ತಿಳಿಯಬೇಡಿ. ದೇವೀರಮ್ಮ ಒಬ್ಬರ ಕಣ್ಣು ನೋಡಿಯೇ ಜ್ವರ ಏರುವ ದಿನ ಹೇಳುತ್ತಾಳೆ. ಅದು ನನಗೂ ಬರುವ ತನಕ ಉರಿಯುತ್ತಲೇ ಇರುತ್ತದೆ. ಪಾರ್ಸೆಲಿನ ವಿಷಯ ಓದಿದ ಮೇಲೆ ನನ್ನ ಮುಖ ನೋಡುವುದು ಬೇಡವೆನ್ನಿಸಿದರೆ ಹಾಗೇ ಬರೆಯಿರಿ. ನಾನು ತಪ್ಪಾಯಿತೆಂದು ಬರೆಯುವುದಿಲ್ಲ. ಆ ಮಾತು ಇದಕ್ಕೆ ಸಾಲುವುದಿಲ್ಲ. ಉತ್ತರವನ್ನು ಮಂಜಯ್ಯನ ಕೈಯಲ್ಲೇ ಕಳಿಸಿ. ಬೇರೆಯವರ ಸುದ್ದಿಯಿಲ್ಲದ ಒಂದು ಕಾಗದ ಬರೆಯಿರಿ, ಒಂದೇ ಒಂದು.

ಇತಿ, ನಿಮ್ಮ ಹೆಂಡತಿಯೇ ಆಗಿರುವ
ಗಿರಿಜಾಂಬಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನೀವು ಯಾರೂ ಇಲ್ಲ ಎಂದಿರಿ. ಹಳ್ಳದಾಚೆಯ ಭಾಗಮ್ಮನ ನಾಲ್ಕು ವರ್ಷದ ಮಗಳು, ನೀವು ಆಲ್ದೂರಿನಿಂದ ಬರಿಗೈಯಲ್ಲಿ ಸಂಸೆ ಮುಟ್ಟಿದ ದಿನವೇ ಹೋದಳೆಂದು ದೇವೀರಮ್ಮ ಹೇಳಿದಳು. ನಿಮಗೆ ನನ್ನ ಮೇಲೆ ಅನುಮಾನ ಬಂದಿತ್ತು, ಅದಕ್ಕೇ ಮುಚ್ಚಿಟ್ಟಿರಿ. ನಾನು ಹೊರಡುವ ಬೆಳಿಗ್ಗೆ ಒಬ್ಬಳೇ ಭಾಗಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ನಿಮಗಿಂತ ಮೊದಲು ಅವಳಿಗೆ ಹೇಳಬೇಕಾಗಿತ್ತು. ಅವಳು ಕೂಗಾಡಲಿಲ್ಲ. ತೊಡೆಯ ಮೇಲಿದ್ದ ಕೈಗೂಸನ್ನು ಸೆರಗಿನೊಳಗೆ ಎಳೆದುಕೊಂಡು, “ಈ ಕೂಸಿಗೆ ಮಾತ್ರೆ ಕೊಡೋಕೆ ನೀವು ಬರಬೇಡಿ. ದೇವೀರಮ್ಮನ್ನ ಕಳಿಸಿ” ಎಂದಳು. ಮೇಲೆ ಹದಿನಾಲ್ಕು ಮನೆ ಎಂದು ಬರೆದಿದ್ದೇನೆ. ಹದಿಮೂರು ಎಂದು ಓದಿಕೊಳ್ಳಿ.