ಹೊಳೆಯ ತಿರುವಿನಲ್ಲಿ

ಅಕ್ಕಾ,

ಭಾವನ ಮೊಣಕಾಲಿನ ಪಟ್ಟಿಯನ್ನು ದಿನಾ ಬದಲಿಸು.

ಭಾನುವಾರ ನಾವು ಗೆಳೆಯರೆಲ್ಲ ಗಾಳಿ ತುಂಬಿದ ಲಾರಿ ಟ್ಯೂಬುಗಳನ್ನು ಒಂದಕ್ಕೊಂದು ಹಗ್ಗದಿಂದ ಕಟ್ಟಿ, ಬಲೂನು ಸಿಕ್ಕಿಸಿಕೊಂಡು, ಹಾಡುತ್ತ ಹೊಳೆಯಲ್ಲಿ ತೇಲುತ್ತಿದ್ದೆವು. ತಿರುವಿನಲ್ಲಿ ಭಾವನ ಟ್ಯೂಬು ಸೆಳೆತಕ್ಕೆ ಸಿಕ್ಕಿತು. ಅದರ ಹಿಂದೆ ನನ್ನದೂ ಜಾರತೊಡಗಿತು. "ಬಿಡ್ಬೇಡ ಕಣೋ, ಗಟ್ಟಿಯಾಗಿ ಹಿಡ್ಕೋ!" ಎಂದು ಭಾವ ಕೂಗಿದರು. ನನಗೆ ಜೀವ ಬಾಯಿಗೆ ಬಂದಿತ್ತು. ನಮ್ಮಿಬ್ಬರ ನಡುವಿನ ಹಗ್ಗದ ಗಂಟು ಬಿಚ್ಚಿಬಿಟ್ಟೆ. ಅವರು ಕಣ್ಣೆದುರೇ ಮುಳುಗಿದರು.

ಮೊಣಕಾಲು ಬಂಡೆಗೆ ಬಡಿದರೂ, ತುಸು ಕೆಳಗೆ ಮರದ ಬೇರು ಸಿಕ್ಕಿ ಬದುಕಿದರು. ಹಗ್ಗ ತಾನಾಗಿ ಬಿಚ್ಚಿಕೊಂಡಿತೆಂದು ನಂಬಿದ್ದಾರೆ. ನಿನ್ನೆ ನಮ್ಮ ಗ್ಯಾರೇಜಿಗೆ ಬಂದು, "ಕಾಲು ವಾಸಿಯಾದ ಕೂಡ್ಲೇ ಮತ್ತೆ ಹೋಗೋಣ. ನಿನ್ ಪಕ್ಕಾನೇ ನಾನು" ಎಂದು ನಕ್ಕರು. ನಾನು ಸ್ಪ್ಯಾನರ್ ಹುಡುಕುವವನಂತೆ ಕಾರಿನಡಿ ನುಸುಳಿದೆ.

ಬೈಯುವುದಾದರೆ ಬೈಯಿ, ಆದರೆ ಅವರನ್ನು ಕಳಿಸಬೇಡ. ಆ ತಿರುವು ಮತ್ತೆ ಬಂದರೆ ನಾನು ಮತ್ತೆ ಬಿಚ್ಚುತ್ತೇನೆ.

ನಿನ್ನ ತಮ್ಮ