ಕೊಟ್ಟಿಗೆಯ ವಾಲ್ವು

ಎಲೈ ತಮ್ಮನೇ, ಲಾಲಿಸುವಂಥವನಾಗು!

ಕಡಲಾಚೆಯ ಈ ಬಾಡಿಗೆ ಕೋಣೆಯಿಂದ ನಿನ್ನಣ್ಣ ಅಪ್ಪಣೆ ಕೊಡಿಸುತ್ತಿದ್ದಾನೆ. ನಮ್ಮ ಬೆಟ್ಟದೂರಿನಲ್ಲಿ ಹಿಮ ಬೀಳುವುದರೊಳಗೆ ಮೇಕೆ ಕೊಟ್ಟಿಗೆಯ ಸಂದುಗಳಿಗೆ ಹುಲ್ಲು ತುರುಕು. ಸೌದೆಯನ್ನು ಗೋಡೆಗೆ ಒತ್ತಿ ಒಟ್ಟಬೇಡ, ಗಾಳಿಯಾಡಲಿ. ಜೇನುಪೆಟ್ಟಿಗೆಗೆ ಗೋಣಿ ಹೊದಿಸು, ಬಾಗಿಲು ಮಾತ್ರ ಬಿಡು.

ಇನ್ನು ಕೊಟ್ಟಿಗೆಯ ನೀರಿನ ವಾಲ್ವು. ಹೋದ ಚಳಿಗಾಲದಲ್ಲಿ ಪೈಪು ಹೆಪ್ಪುಗಟ್ಟಿ ಒಡೆದು, ನೀರು ನುಗ್ಗಿ ಎರಡು ಮರಿಗಳು ಸತ್ತಾಗ, "ಒಂದು ವಾಲ್ವು ಮುಚ್ಚೋಕೆ ಬರಲ್ವೇನೋ, ದಂಡಪಿಂಡ!" ಎಂದು ಫೋನಿನಲ್ಲಿ ಗರ್ಜಿಸಿದ್ದೆ. "ಹಿಡಿ ಅಡ್ಡಾನೇ ಇತ್ತಲ್ಲಣ್ಣಾ, ಮುಚ್ಚೇ ಇತ್ತು" ಎಂದೆ ನೀನು. ಅಂದಿನಿಂದ ನನ್ನ ಫೋನು ಎತ್ತಿಲ್ಲ.

ಎಲ್ಲರ ಮನೆಯಲ್ಲೂ ಹಿಡಿ ಅಡ್ಡವಿದ್ದರೆ ಮುಚ್ಚಿದಂತೆ. ನಮ್ಮದರಲ್ಲಿ ಅಡ್ಡವಿದ್ದರೆ ತೆರೆದಂತೆ; ಮುಚ್ಚಲು ಪೈಪಿನ ಉದ್ದಕ್ಕೆ ತಿರುಗಿಸಬೇಕು. ಅಪ್ಪ ಹಿಡಿಯನ್ನು ತಪ್ಪಾಗಿ ಕೂರಿಸಿದ್ದರು. ಪ್ರತಿ ವರ್ಷ ಅದನ್ನು ಮುಚ್ಚುತ್ತಿದ್ದವನು ನಾನೊಬ್ಬನೇ. ನಿನಗೆ ಹೇಳಿರಲಿಲ್ಲ. ಫೋನಿಟ್ಟ ಮರುಕ್ಷಣವೇ ಇದು ನೆನಪಾಗಿತ್ತು ಕಣೋ. ಬರೆಯಲು ವರ್ಷ ಹಿಡಿಯಿತು.

ಮುಚ್ಚಿದ ಮೇಲೆ ಒಂದು ಫೋನು ಮಾಡು. ಈ ಸಲ ನೀನು ಬೈಯಿ, ನಾನು ಕೇಳಿಸಿಕೊಳ್ಳುತ್ತೇನೆ.

ಇಂತಿ,
ದಂಡಪಿಂಡ ಅಣ್ಣ